ಸಮುದ್ರ ಎಲ್ಲಿಗೂ ಹೋಗುವುದಿಲ್ಲ

ಹತ್ತು ಎಂಎಂ ಅಲ್ಲ, ಹನ್ನೆರಡೇ ಇರಬೇಕು, ನೆಲದಿಂದ ಸೂರಿನ ತನಕ ಒಂದೇ ಹಾಳೆ, ಎತ್ತಿ ನಿಲ್ಲಿಸೋಕೆ ಎಂಟು ಜನವಾದರೂ ಬೇಕಾಗಿರುತ್ತೆ, ಮೂಲೆಯಲ್ಲಿ ಸಿಲಿಕಾನ್ ಅಂಟು ಬಿಟ್ಟವನಿಗೆ ಮಾತ್ರ ಕೈ ಕುದುರಿಲ್ಲ, ಟೂತ್‌ಪೇಸ್ಟ್ ಹಿಂಡಿದ ಹಾಗೆ ಹಿಂಡಿದ್ದಾನೆ, ನನ್ನ ಅಂಗಡಿಯವನಾಗಿದ್ದರೆ ಕೆರೆಸಿ ಮತ್ತೆ ಹಾಕಿಸುತ್ತಿದ್ದೆ — ಎಂಥಾ ನೋಟ ಅಲ್ವಾ ಸಾರ್, ಬೆಳಿಗ್ಗೆ ಕಣ್ಣು ಬಿಟ್ಟರೆ ಇದೇ ನೋಟ, ಸ್ವಲ್ಪ ಯೋಚನೆ ಮಾಡಿ — ಹೌದು ಹೌದು ಅಂದೆ, ನಾನು ನೋಡುತ್ತಿರುವುದು ಗಾಜನ್ನು ಅಂತ ಟೈ ಕಟ್ಟಿಕೊಂಡಿರುವ ಈ ಮನುಷ್ಯನಿಗೆ ಹೇಗೆ ಗೊತ್ತಾಗಬೇಕು, ಇಪ್ಪತ್ತೆರಡು ವರ್ಷ ಗಾಜು ಕತ್ತರಿಸಿ ಕೂರಿಸಿದವನಿಗೆ ಎಲ್ಲಿ ಹೋದರೂ ಮೊದಲು ಗಾಜೇ ಕಾಣುವುದು, ಅದರಾಚೆ ಇರುವುದು ಆಮೇಲೆ, ಆಚೆ ಮರಳು, ಮರಳಿನ ಮೇಲೆ ಒಂದು ಪ್ಲಾಸ್ಟಿಕ್ ಕುರ್ಚಿ, ಕುರ್ಚಿಯಲ್ಲಿ ಅಮ್ಮ, ಪಕ್ಕದಲ್ಲಿ ಮರಳು ತೋಡುತ್ತಿರುವ ನನ್ನ ಏಳು ವರ್ಷದ ಮಗು ಗುಬ್ಬಿ, ಅಮ್ಮನ ಎಡಗಾಲಿಗೆ ನಾನೇ ಬೆಳಿಗ್ಗೆ ಕಟ್ಟಿದ ಬಿಳಿ ಪ್ಲಾಸ್ಟಿಕ್ ಕವರ್, ಪಾದದಿಂದ ಮೀನಖಂಡದವರೆಗೆ, ಮೇಲೆ ಗಾಜಿಗೆ ಹಚ್ಚುವ ಟೇಪು ಮೂರು ಸುತ್ತು, ಒಂದು ಹನಿ ನೀರೂ ಒಳಗೆ ಹೋಗಲ್ಲ ಕಣಮ್ಮ ಅಂದಿದ್ದೆ, ಬಿಸಿಲಿಗೆ ಅದು ಇಷ್ಟು ದೂರಕ್ಕೂ ಫಳಫಳ ಅನ್ನುತ್ತಿದೆ. ಗೋಡೆ ಗಡಿಯಾರದಲ್ಲಿ ಹನ್ನೊಂದು ದಾಟಿ ಐದು ನಿಮಿಷ. ಹನ್ನೆರಡಕ್ಕೆ ಬಸ್ಸು. ಹೆಂಡತಿ ಮೇಜಿನ ಕೆಳಗೆ ಮೊಣಕಾಲಿನಿಂದ ಒತ್ತಿದಳು, ಅದು ಮೂರನೇ ಸಲ, ಎದ್ದೇಳಿ ಅಂತ ಅದರ ಅರ್ಥ, ಒಂದ್ನಿಮಿಷ ಅಂತ ನಾನೂ ತಿರುಗಿ ಒತ್ತಿದೆ, ಮದುವೆಯಾಗಿ ಹನ್ನೊಂದು ವರ್ಷದಲ್ಲಿ ನಮ್ಮ ಮುಖ್ಯವಾದ ಮಾತುಕತೆಯೆಲ್ಲ ಮೇಜಿನ ಕೆಳಗೇ ನಡೆದಿದೆ.

ಹೋಗೋ ಕಾಲಿಗೆ ಒಂದು ಸಲ ಸಮುದ್ರ ತೋರಿಸಿ ಕಳಿಸೋಣ ಕಣೋ, ಅಂದಿದ್ದಳು ಅಮ್ಮ, ಡಾಕ್ಟರಮ್ಮ ಆಪರೇಷನ್ನಿಗೆ ಮುಂದಿನ ಗುರುವಾರ ಅಂತ ದಿನ ಗೊತ್ತು ಮಾಡಿದ ಮೇಲೆ, ಆಸ್ಪತ್ರೆಯ ಮೆಟ್ಟಿಲಲ್ಲಿ ಕೂತು, ನಗುತ್ತಾ, ಸಕ್ಕರೆ ಕಾಯಿಲೆ ಅಂತ ಜನ ಸಿಹಿಯಾಗಿ ಕರೀತಾರೆ ನೋಡು, ಬೆರಳು ತಿಂದು ಪಾದಕ್ಕೆ ಬಂತು, ಬಾಯಿ ಚಪಲ ಅದಕ್ಕೋ ನನಗೋ ಅಂತ, ನೂಲಿನ ಗಿರಣಿಯಲ್ಲಿ ಮೂವತ್ತೊಂದು ವರ್ಷ ನಿಂತೇ ಕೆಲಸ ಮಾಡಿದ ಕಾಲು, ಈ ಕಾಲು ಹುಟ್ಟಿದಾಗಿಂದ ಬರೀ ಸಿಮೆಂಟಿನ ಮೇಲೆ ನಿಂತಿದೆ, ಎರಡೂ ಜೊತೆಗಿರುವಾಗಲೇ ಒಂದು ಸಲ ನೀರಲ್ಲಿ ನಿಲ್ಲಲಿ, ಆಮೇಲೆ ಬೇಕಾದ್ದು ಮಾಡಿಕೊಳ್ಳಿ, ಐದು ನಿಮಿಷ ಸಾಕು, ಅಂದಿದ್ದಳು, ನಾನು ಹುಟ್ಟಿದಾಗಿಂದ ಅವಳು ನನ್ನನ್ನು ಕೇಳಿದ್ದು ಇದೊಂದೇ, ಉಳಿದದ್ದೆಲ್ಲ ನಾನೇ ಕೇಳಿದ್ದು. ಅದೇ ವಾರ ಹೆಂಡತಿಗೆ ಫೋನು ಬಂತು, ಯಾವುದೋ ಕಾಲದಲ್ಲಿ ಸೂಪರ್ ಮಾರ್ಕೆಟ್ಟಿನ ಡಬ್ಬಿಗೆ ಚೀಟಿ ಹಾಕಿದ್ದಳಂತೆ, ಅಭಿನಂದನೆಗಳು ಮೇಡಂ, ಸಮುದ್ರ ದಡದಲ್ಲಿ ಒಂದು ರಾತ್ರಿ, ಕುಟುಂಬ ಸಮೇತ, ರೂಮಿಗೆ ಬಾಡಿಗೆ ಇಲ್ಲ, ಹೋಗಿ ಬರೋ ಬಸ್ಸೂ ನಮ್ಮದೇ, ಬೆಳಿಗ್ಗೆ ಗಂಡ ಹೆಂಡತಿ ಇಬ್ಬರೂ ಒಂದು ಗಂಟೆ ನಮ್ಮ ಮಾತು ಕೇಳಿದರೆ ಆಯ್ತು, ಬರೀ ಕೇಳಿದರೆ ಆಯ್ತು. ಕಿವಿ ತಾನೇ, ಕೊಟ್ಟರೆ ಏನು ಸವೆಯುತ್ತಾ, ಅಂತ ನಾನೇ ಅಂದೆ, ಹೌದು, ಅಂದವನು ನಾನೇ. ಬಸ್ಸು ದಾರಿಯಲ್ಲಿ ಕೆಟ್ಟು ನಿಂತು ಇಲ್ಲಿಗೆ ಬರುವಷ್ಟರಲ್ಲಿ ಕತ್ತಲಾಗಿತ್ತು, ಅಮ್ಮ ರೂಮಿನ ಕಿಟಕಿ ತೆಗೆಸಿ ಕೇಳಿಸ್ತಿದೆ ಕಣೋ ಅಂದಳು, ಬೆಳಿಗ್ಗೆ ಬೇಗ ಎದ್ದು ಕವರ್ ಕಟ್ಟಿ ಕೆಳಗೆ ಕರೆದುಕೊಂಡು ಬಂದರೆ ಕೆಂಪು ಬಾವುಟ, ಒಂಬತ್ತೂವರೆ ತನಕ ಅಲೆ ಜಾಸ್ತಿ ಅಂತ ಕಾವಲಿನವನು ಸೀಟಿ ಊದಿ ಕಳಿಸಿದ, ಸರಿ ತಿಂಡಿ ಮುಗಿಸೋಣ ಅಂದರೆ ತಿಂಡಿಯ ಮೇಜಿಗೇ ಬಂದ ಈ ಟೈನವನು, ಇದೊಂದು ಮುಗಿಸಿಬಿಡಿ ಸಾರ್, ಆಮೇಲೆ ಇಡೀ ಸಮುದ್ರ ನಿಮ್ಮದೇ, ಅದೇನು ಎದ್ದು ಎಲ್ಲಿಗಾದರೂ ಹೋಗುತ್ತಾ? ಎಲ್ಲರೂ ನಕ್ಕೆವು. ಅಮ್ಮನೂ ನಕ್ಕಳು.

ಹೋಗುತ್ತೆ. ನೋಡುತ್ತಾ ಇದ್ದ ಹಾಗೇ ಹೋಗುತ್ತಿದೆ. ಹತ್ತು ಗಂಟೆಗೆ ನಾವು ಒಳಗೆ ಬಂದು ಕೂತಾಗ ನೀರು ಆ ಮುರಿದ ದೋಣಿಯ ತನಕ ಇತ್ತು, ಕುರ್ಚಿಯಿಂದ ಹದಿನೈದು ಹೆಜ್ಜೆ, ಇಬ್ಬರು ರಟ್ಟೆ ಹಿಡಿದುಕೊಂಡರೆ ಮುಗೀತು, ಈಗ ದೋಣಿಯ ಸುತ್ತ ಒಣಗಿದೆ, ಅದರಾಚೆ ಹಸಿ ಮರಳು, ಅದರಾಚೆ ಇನ್ನೂ ಹಸಿ ಮರಳು, ಇಳಿತ ಅಂತಾರಲ್ಲ ಅದು ಇದೇ, ಶಾಲೆಯಲ್ಲಿ ಉಬ್ಬರ ಇಳಿತ ಅಂತ ಬಾಯಿಪಾಠ ಮಾಡಿದ್ದೆ, ಎರಡು ಅಂಕದ ಪ್ರಶ್ನೆ — ಒಂದು ಸಲ ದುಡ್ಡು ಕಟ್ಟಿ ಮೆಂಬರಾದರೆ ಇಪ್ಪತ್ತು ವರ್ಷ ಸಾರ್, ವರ್ಷಕ್ಕೊಂದು ವಾರ ಇಲ್ಲಿ ರೂಮು ನಿಮ್ಮದೇ, ನಿಮ್ಮ ತಾಯಿಯವರು ಬಂದಿದ್ದಾರಲ್ಲ, ಅವರನ್ನ ಪ್ರತಿ ವರ್ಷ ಕರ್ಕೊಂಡು ಬನ್ನಿ — ಅಂತ ಬಣ್ಣಬಣ್ಣದ ಹಾಳೆಯ ಮೇಲೆ ಪೆನ್ನಿನಿಂದ ಗೀಟು ಎಳೆಯುತ್ತಿದ್ದಾನೆ, ಎಲ್ಲೋ ಹಿಂದಿನ ಮೇಜಿನಲ್ಲಿ ಯಾರೋ ಸಹಿ ಹಾಕಿದರು, ಗಂಟೆ ಬಾರಿಸಿದರು, ಇಡೀ ಹಾಲ್ ಚಪ್ಪಾಳೆ ತಟ್ಟಿತು, ನಾನೂ ತಟ್ಟಿದೆ, ಯಾಕೆ ತಟ್ಟಿದೆ. ಬಾಗಿಲಿಗೆ ಬೀಗ ಹಾಕಿಲ್ಲ. ಎದ್ದು ಹೋದರೆ ಹೊಡೆಯುವವರು ಯಾರೂ ಇಲ್ಲ. ರೂಮಿನ ಬಾಡಿಗೆ ಕಟ್ಟಿ ಅನ್ನುತ್ತಾರೆ, ಕಟ್ಟಿದರಾಯಿತು, ಹೆಂಡತಿಯ ಬ್ಯಾಗಿನಲ್ಲಿ ಇದೆ, ಅದಲ್ಲ, ದುಡ್ಡಲ್ಲ ವಿಷಯ, ಈ ಮನುಷ್ಯ ಒಂದು ಗಂಟೆಯಿಂದ ಗಂಟಲು ಒಣಗಿಸಿಕೊಂಡಿದ್ದಾನೆ, ಗುಬ್ಬಿಗೆ ಬಲೂನು ಕೊಟ್ಟಿದ್ದಾನೆ, ಅಮ್ಮನಿಗೆ ಕುರ್ಚಿಯನ್ನೂ ಹೊತ್ತು ತಂದು ಹಾಕಿದವನು ಇವನೇ, ಮಾತಿನ ಮಧ್ಯೆ ಎದ್ದರೆ ಏನಂದುಕೊಳ್ಳುತ್ತಾನೆ — ಇಷ್ಟೇ, ಈ ಇಷ್ಟೇ ನನ್ನ ಆಯುಸ್ಸನ್ನೆಲ್ಲ ತಿಂದಿದ್ದು, ಬೀಗರ ಮನೆಯ ಕಿಟಕಿಗೆಲ್ಲ ಪುಕ್ಕಟೆ ಗಾಜು ಹಾಕಿದ್ದು, ನಾಳೆ ಕೊಡ್ತೀನಿ ಅಂದವರ ಮನೆಯ ಕನ್ನಡಿಗಳಲ್ಲಿ ಅವರು ದಿನಾ ಮುಖ ನೋಡಿಕೊಳ್ಳುತ್ತಿರುವುದು, ದಾಕ್ಷಿಣ್ಯಕ್ಕೆ ಬಸುರಾದ್ರೆ ಹೆರೋಕೆ ಜಾಗ ಇಲ್ಲ ಅಂತ ಅಮ್ಮ ಸಾವಿರ ಸಲ ಹೇಳಿದ್ದಾಳೆ, ಎಲ್ಲ ಸರಿಯಾಗಿ ಹೆತ್ತೆ ಕಣೋ ನಿನ್ನ, ಬಾಯಲ್ಲಿ ಆಗಲ್ಲ ಅನ್ನೋ ಒಂದು ಮಾತು ಇಡೋದು ಮರೆತುಬಿಟ್ಟೆ.

ಅಮ್ಮ ಎದ್ದಳು. ಕೋಲು ಊರಿ ಎದ್ದಳು, ನೀರಿನ ಕಡೆ ಅಲ್ಲ, ಈ ಕಡೆ, ಗಾಜಿನ ಕಡೆ ಬರುತ್ತಿದ್ದಾಳೆ, ಗುಬ್ಬಿ ಹಿಂದೆಯೇ, ಬಾ ಅಮ್ಮ ಬಾ, ನನ್ನನ್ನು ನೋಡು, ಹುಬ್ಬು ಗಂಟು ಹಾಕಿ ಏನೋ ಇನ್ನೂ ಎಷ್ಟು ಹೊತ್ತು ಅಂತ ಸನ್ನೆ ಮಾಡಿದರೆ ಸಾಕು, ನೋಡಿ ಅಮ್ಮ ಕರೀತಿದ್ದಾರೆ ಅಂತ ಎದ್ದುಬಿಡುತ್ತೇನೆ, ನನ್ನ ಪರವಾಗಿ ಯಾರಾದರೂ ಎಬ್ಬಿಸಬೇಕು ಅಷ್ಟೇ, ಬಂದಳು, ಒಂದು ಗೇಣು ದೂರ, ನನ್ನ ಮುಖಕ್ಕೆ ಅವಳ ಮುಖ, ಕೈ ಎತ್ತಿದೆ, ಅವಳು ನನ್ನ ಕಣ್ಣೊಳಗೇ ನೋಡುತ್ತಾ ಹಣೆಯ ಮೇಲೆ ಹಾರಿದ ಕೂದಲು ಸರಿ ಮಾಡಿಕೊಂಡಳು, ಸೆರಗು ಎಳೆದುಕೊಂಡಳು, ತುಟಿಯ ಮೂಲೆಯಲ್ಲಿದ್ದ ತಿಂಡಿಯ ಚೂರು ಒರೆಸಿಕೊಂಡಳು — ಅಯ್ಯೋ, ಕನ್ನಡಿ ಪದರದ ಗಾಜು, ಹಗಲಲ್ಲಿ ಒಳಗಿನವರಿಗೆ ಹೊರಗಿನದು ಕಾಣುತ್ತೆ, ಹೊರಗಿನವರಿಗೆ ಅವರ ಮುಖವೇ ಕಾಣುತ್ತೆ, ಇಂಥದ್ದು ನಾನೇ ಎಷ್ಟು ಕೂರಿಸಿಲ್ಲ, ಗುಬ್ಬಿ ನಾಲಿಗೆ ಚಾಚಿ ತನ್ನನ್ನೇ ಅಣಕಿಸಿಕೊಂಡಿತು, ಅಂಗೈಯಿಂದ ಗಾಜಿಗೆ ಎರಡು ಸಲ ಹೊಡೆಯಿತು, ಹನ್ನೆರಡು ಎಂಎಂ, ಸದ್ದೇ ಬರಲಿಲ್ಲ, ಪುಟ್ಟ ಕೈಯ ಮರಳಿನ ಗುರುತು ಮಾತ್ರ ನನ್ನ ಎದೆಯ ಮಟ್ಟಕ್ಕೆ ಉಳಿಯಿತು. ಅಮ್ಮ ಮಗುವಿಗೆ ಏನೋ ಹೇಳಿದಳು. ತುಟಿ ನೋಡಿದರೆ ತಿಳಿಯುತ್ತೆ, ನಿಮ್ಮಪ್ಪ ಈಗ ಬರೋ ಹಾಗೆ ಕಾಣಲ್ಲ, ನಡಿ ನಾವೇ ಹೋಗೋಣ. ಬೇಡ. ಬೇಡ ಅಮ್ಮ. ಮಗುವಿನ ಭುಜ ಹಿಡಿದು ಹೊರಟಳು, ಕೋಲು ಮರಳಲ್ಲಿ ಹೂತುಕೊಳ್ಳುತ್ತೆ, ಕಿತ್ತು ಇಡುತ್ತಾಳೆ, ಕವರ್ ಕಟ್ಟಿದ ಕಾಲು ಎಳೆಯುತ್ತಾಳೆ, ಮರಳಲ್ಲಿ ಒಂದು ಕಡೆ ಹೆಜ್ಜೆ, ಒಂದು ಕಡೆ ಗೀಟು, ದೋಣಿ ದಾಟಿದಳು, ಭೇಷ್ ಅಮ್ಮ, ಇನ್ನು ಅಷ್ಟೇ ದೂರ, ಆಮೇಲೆ ಕೂತುಬಿಟ್ಟಳು. ಬೀಳಲಿಲ್ಲ, ಮೆಲ್ಲಗೆ ಮಡಚಿಕೊಂಡ ಹಾಗೆ ಕೂತಳು, ಎರಡೂ ಕಾಲು ನೀರಿನ ಕಡೆ ಚಾಚಿ. ಅಲೆ ಬಂತು, ನಿಂತಿತು, ವಾಪಸ್ ಹೋಯಿತು. ಇನ್ನೊಂದು ಬಂತು, ಮೊದಲಿನದಕ್ಕಿಂತ ಒಂದು ಮೊಳ ಹಿಂದೆಯೇ ನಿಂತಿತು.

ಸಾಕು ನಿಲ್ಸಿ ನಿಮ್ಮ ಪುರಾಣ, ಅಂದಳು ಹೆಂಡತಿ, ಈ ಸಲ ಮೇಜಿನ ಮೇಲೆಯೇ, ನಮ್ಮತ್ತೆ ಕಾಲು ಗುರುವಾರ ತೆಗೀತಾರೆ ಕಣ್ರೀ, ಎರಡೂ ಕಾಲಲ್ಲಿ ಒಂದ್ಸಲ ನೀರಲ್ಲಿ ನಿಲ್ಲಬೇಕು ಅಂತ ಬಂದಿದ್ದು ನಾವು, ನಿಮ್ಮ ಇಪ್ಪತ್ತು ವರ್ಷ ಕೊಳ್ಳೋಕಲ್ಲ — ನಾನು ಒಂದು ವಾರದಿಂದ ಗಂಟಲಲ್ಲಿ ಬಿಸಿ ತುಪ್ಪದ ಹಾಗೆ ಇಟ್ಟುಕೊಂಡಿದ್ದ ಮಾತು, ಉಗುಳಲಿಲ್ಲ ನುಂಗಲಿಲ್ಲ, ಅವಳು ಒಂದೇ ಉಸಿರಿಗೆ ಅಂದುಬಿಟ್ಟಳು, ಪಕ್ಕದ ಮೇಜಿನವರು ತಿರುಗಿ ನೋಡಿದರು, ಟೈನವನ ಬಾಯಿ ತೆರೆದೇ ಇತ್ತು, ಅಯ್ಯೋ ಪಾಪ ಅಂದ, ನಿಜವಾಗಿಯೇ ಅಂದ, ಕಣ್ಣಲ್ಲಿ ನೀರು ಬಂತು ಅವನಿಗೆ, ಆಮೇಲೆ ಹಾಳೆ ತಿರುವಿ, ಹಾಗಾದ್ರೆ ನಿಮಗೆ ನೆಲ ಅಂತಸ್ತಿನ ರೂಮೇ ಕೊಡಿಸ್ತೀನಿ ಅಣ್ಣ, ಗಾಲಿ ಕುರ್ಚಿ ಹೋಗೋಕೆ ಇಳಿಜಾರು ಇದೆ ನೋಡಿ ಇಲ್ಲಿ, ಅಂತ ಬೆರಳು ಇಟ್ಟು ತೋರಿಸಿದ. ಬರ್ತೀರೋ ಇಲ್ವೋ, ಅಂದಳು ಹೆಂಡತಿ. ನೀನು ನಡೀತಿರು, ಎರಡೇ ನಿಮಿಷ, ಬಂದೆ, ಅಂದೆ. ನೋಡಿದಳು ನನ್ನನ್ನು. ಮನೆಗೆ ಮಾರಿ ಊರಿಗೆ ಉಪಕಾರಿ, ಅಂದು ಬ್ಯಾಗು ಎತ್ತಿಕೊಂಡು ಹೋದಳು. ಹೊರಬಾಗಿಲು ಇರುವುದು ರಸ್ತೆ ಕಡೆಗೆ, ಅಡುಗೆ ಮನೆ ಸುತ್ತಿ, ಕಾರು ನಿಲ್ಲಿಸುವ ಜಾಗ ಸುತ್ತಿ ದಡಕ್ಕೆ ಬರಬೇಕು, ಅವಳು ಗಾಜಿನಲ್ಲಿ ಕಾಣಿಸಿಕೊಳ್ಳುವಷ್ಟರಲ್ಲಿ ಹನ್ನೊಂದೂ ಇಪ್ಪತ್ತೈದು, ಓಡುತ್ತಿದ್ದಾಳೆ, ಚಪ್ಪಲಿ ಕೈಯಲ್ಲಿ. ಗುಬ್ಬಿ ನೀರಿನ ತನಕ ಓಡಿ ಬೊಗಸೆ ತುಂಬಿಕೊಂಡು ಅಜ್ಜಿಯ ಹತ್ತಿರ ಓಡಿ ಬರುತ್ತೆ, ತಲುಪುವಷ್ಟರಲ್ಲಿ ಕೈ ಖಾಲಿ, ಮತ್ತೆ ಓಡುತ್ತೆ. ಹೆಂಡತಿ ಅಮ್ಮನ ಕಂಕುಳಿಗೆ ಕೈ ಹಾಕಿ ಎತ್ತಲು ನೋಡುತ್ತಾಳೆ, ಅಮ್ಮ ದಪ್ಪ, ಇವಳು ಕಡ್ಡಿ, ಅರ್ಧ ಎದ್ದಳು, ಬಿಳಿ ಕವರ್ ಮರಳಲ್ಲಿ ಜಾರಿತು, ಮತ್ತೆ ಕೂತಳು. ಎಂಬತ್ತು ಕೆಜಿ ಗಾಜನ್ನು ಒಬ್ಬನೇ ಹೊತ್ತು ಎರಡು ಮಹಡಿ ಹತ್ತಿದವನು ನಾನು. ಈ ತೋಳು ಇಲ್ಲಿ ಮೇಜಿನ ಮೇಲಿದೆ. ಹೆಂಡತಿ ತಿರುಗಿ ಗಾಜಿನ ಕಡೆ ಕೈ ಬೀಸಿದಳು, ನಾನಿರುವ ಕಡೆಗಲ್ಲ, ಎಲ್ಲೋ ಪಕ್ಕದ ಕಂಬಕ್ಕೆ.

ಎದ್ದೆ. ನಿಜವಾಗಿ ಎದ್ದೆ. ಅಣ್ಣ, ಅಂದ ಟೈನವನು, ಕೈ ಹಿಡಿದುಕೊಂಡ, ಅವನ ಕೈ ತಣ್ಣಗಿತ್ತು, ತಗ್ಗಿದ ದನಿಯಲ್ಲಿ, ಈ ತಿಂಗಳು ಒಂದೂ ಆಗಿಲ್ಲ, ಇವತ್ತೂ ಆಗಲಿಲ್ಲ ಅಂದ್ರೆ ನಾಳೆಯಿಂದ ಬರಬೇಡ ಅಂದಿದ್ದಾರೆ, ನನಗೂ ತಾಯಿ ಇದ್ದಾಳೆ, ಒಂದು ಸಹಿ ಹಾಕಿ, ನಾನೇ ಬಂದು ಅಮ್ಮನ್ನ ಎತ್ಕೊಂಡು ನೀರಲ್ಲಿ ನಿಲ್ಲಿಸ್ತೀನಿ, ಇಬ್ಬರೂ ಸೇರಿ ನಿಲ್ಲಿಸೋಣ, ಅಂದ, ನಿಜವೋ ಸುಳ್ಳೋ, ದಿನಾ ಎಲ್ಲರಿಗೂ ಹೇಳುವುದೋ, ಇರಬಹುದು, ತಾಯಿ ಅಂದನಲ್ಲ, ಸಹಿ ಹಾಕುವುದು ಎರಡು ಕ್ಷಣದ ಕೆಲಸ, ಆಗಲ್ಲ ಅಂತ ಹೇಳಿ ಅವನ ಮುಖ ನೋಡುವುದು ಎಷ್ಟು ಹೊತ್ತಿನ ಕೆಲಸವೋ ಯಾರಿಗೆ ಗೊತ್ತು, ಬೇಗ ಮುಗಿಯುತ್ತೆ, ಇದೇ ಬೇಗ, ಅಂತ ಲೆಕ್ಕ ಹಾಕಿತು ನನ್ನ ಹಾಳು ಬುದ್ಧಿ, ಹಾಕಿದೆ, ಇಲ್ಲೊಂದು, ಇಲ್ಲೊಂದು, ಈ ಹಾಳೆಯ ಹಿಂದೆ ಒಂದು, ಗಂಟೆ ಬಾರಿಸಿದರು, ಚಪ್ಪಾಳೆ, ಹೋಗೋಣ ನಡೀರಿ ಅಂದೆ, ಒಂದೇ ನಿಮಿಷ ಅಣ್ಣ ಫೋಟೊ, ಗೋಡೆಗೆ ಹಾಕ್ತೀವಿ, ಸಮುದ್ರ ಹಿಂದೆ ಬರಬೇಕು, ಈ ಕಡೆ ತಿರುಗಿ, ಗಾಜಿಗೆ ಬೆನ್ನು ಕೊಡಿ. ಕೊಟ್ಟೆ. ಹೆಗಲ ಮೇಲೆ ಅವನ ತೋಳು, ಕೈಗೆ ಯಾವುದೋ ದೊಡ್ಡ ರಟ್ಟಿನ ಕೀಲಿ, ಎದುರಿಗೆ ಫೋನು ಹಿಡಿದು ನಿಂತ ಕೌಂಟರಿನ ಹುಡುಗಿ, ಅವಳ ಹಿಂದೆ ಗಡಿಯಾರ, ಹನ್ನೆರಡಕ್ಕೆ ಹದಿಮೂರು ನಿಮಿಷ, ರಸ್ತೆ ಕಡೆಯಿಂದ ಬಸ್ಸು ಹಾರ್ನ್ ಹೊಡೆಯುತ್ತಿದೆ, ಬೆನ್ನ ಹಿಂದೆ ಏನಾಗುತ್ತಿದೆ, ಎದ್ದಳಾ, ಅಲೆ ಬಂತಾ, ತಿರುಗಬೇಡಿ ಸಾರ್, ಸ್ವಲ್ಪ ನಗಿ, ಇನ್ನೂ ಸ್ವಲ್ಪ, ನಗುತ್ತೇನೆ, ನಕ್ಕೆ, ಚೆನ್ನಾಗಿ ಬಂದಿದೆ ನೋಡಿ ಅಂತ ಫೋನು ನನ್ನ ಮುಖದ ಹತ್ತಿರ ಹಿಡಿದಳು, ಹಲ್ಲು ಬಿಟ್ಟಿದ್ದೇನೆ, ರಟ್ಟಿನ ಕೀಲಿ ಎದೆಗೆ ಅವಚಿಕೊಂಡಿದ್ದೇನೆ, ಪಕ್ಕದಲ್ಲಿ ಟೈ, ಹಿಂದೆ ಗಾಜಿನ ಮೇಲೆ ಪುಟ್ಟ ಅಂಗೈಯ ಗುರುತು, ಅದರಾಚೆ ಉದ್ದಕ್ಕೂ ಹಸಿ ಮರಳು, ನೀರು ಎಲ್ಲೋ ಮೇಲೆ ಒಂದು ನೀಲಿ ಗೀಟು, ಮತ್ತೆ ಇಲ್ಲಿ, ನನ್ನ ಕಿವಿಗೂ ಅವನ ಹೆಗಲಿಗೂ ಮಧ್ಯೆ, ಒಂದು ಬಿಳಿ ಚುಕ್ಕೆ, ಇದೇನಿದು ಕಸ ಬಂದಿದೆ, ಅಳಿಸಿಬಿಡ್ತೀನಿ ಸಾರ್ ಅಂದಳು ಹುಡುಗಿ, ಆಗಲ್ಲ ಅನ್ನಬೇಕು, ಬಾಯಿ ತೆರೆದೆ, ಬಿಳಿ ಕವರ್, ಮೂರು ಸುತ್ತು ಟೇಪು, ಒಂದು ಹನಿ ನೀರೂ ಒಳಗೆ ಹೋಗಲ್ಲ ಕಣಮ್ಮ, ಬಿಳಿ ಕವರ್.