ಎರಡನೇ ಸಲದ ಅಳು

ಅರ್ಜಿಯ ಜೊತೆಗೆ ಮೂರು ನಿಮಿಷದ ವಿಡಿಯೋ ವರದಿಯೊಂದನ್ನು ಕಳಿಸಬೇಕು, ಅದು ಅಭ್ಯರ್ಥಿಯೇ ಸ್ವತಃ ಮಾಡಿದ್ದಾಗಿರಬೇಕು ಎಂದು ವಿಶ್ವವಿದ್ಯಾಲಯದವರು ಕೇಳಿದ್ದರು. ಪತ್ರಿಕೋದ್ಯಮದಲ್ಲಿ ಎಂ.ಎ. ಮಾಡಬೇಕೆಂದು ಕಾಲೇಜು ಮೆಟ್ಟಿಲು ಹತ್ತಿದ ದಿನದಿಂದ ಜಪ ಮಾಡುತ್ತಿದ್ದ ಶಹಾಬಾದದ ಮೈತ್ರಿಯ ಹತ್ತಿರ ಕ್ಯಾಮೆರಾ ಇರಲಿಲ್ಲ, ಮೈಕ್ ಇರಲಿಲ್ಲ. ಇದ್ದದ್ದು ದತ್ತುವಿನ ಪರಿಚಯ ಒಂದೇ. ಆ ಪರಿಚಯಕ್ಕೆ ಬೆಂಕಿ ಹಚ್ಚಬೇಕು ಎಂದು ಈಗ ಅನಿಸುತ್ತದೆ. ಆಗ ಮಾತ್ರ ತನ್ನ ನಸೀಬು ತೆರೆಯಿತು ಎಂದುಕೊಂಡಿದ್ದಳು.

ದತ್ತು ದಂಡೋತಿಯವನು. ವಾಡಿ ಸ್ಟೇಷನ್ನಿನ ಹತ್ತಿರ ಒಂದು ಮೊಬೈಲ್ ಅಂಗಡಿಯ ಮಾಳಿಗೆಯ ಮೇಲೆ ಕೂತು ಯೂಟ್ಯೂಬ್ ಚಾನೆಲ್ ನಡೆಸುತ್ತಿದ್ದ. ಬೈಕಿನ ಮುಂದೆ ಪ್ರೆಸ್, ಹಿಂದೆ ಪ್ರೆಸ್. ಹೆಲ್ಮೆಟ್ ಹಾಕುವ ರೂಢಿ ಇದ್ದಿದ್ದರೆ ಅದರ ಮೇಲೂ ಪ್ರೆಸ್. ಸೇಡಂನಲ್ಲಿ ಅಂಗಡಿ ಉದ್ಘಾಟನೆ ಇರಲಿ, ಚಿಂಚೋಳಿಯಲ್ಲಿ ಮುಖಂಡನ ಹುಟ್ಟುಹಬ್ಬ ಇರಲಿ, ಕರೆಯದಿದ್ದರೂ ಹೋಗಿ ಶಾಲು ಹೊದಿಸಿಕೊಂಡು ಬರುವ ಆಸಾಮಿ. ಆದರೆ ಅವನಿಗೆ ಅವೆಲ್ಲ ದಿನದ ರೊಟ್ಟಿ-ಪಲ್ಯ. ಹಬ್ಬದೂಟವೆಂದರೆ ಸಾವು.

"ಅಳೂ ಮುಖ ಇಲ್ಲಂದ್ರ ಯಾರೂ ನೋಡಂಗಿಲ್ಲ ಮೈತ್ರಿ. ನಿನ್ನ ಸೇಫ್ಟಿ-ಪೀಫ್ಟಿ ಎಲ್ಲಾ ಹೇಳು, ನಾ ಬ್ಯಾಡ ಅನ್ನಂಗಿಲ್ಲ. ಖರೇ ನಡುವ ಒಂದು ಅಳು ಇರ್ಲಿ," ಎಂದಿದ್ದ.

ಮೈತ್ರಿ ಆರಿಸಿಕೊಂಡ ವಿಷಯ ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಖಣಿಗಳದ್ದು. ತಲೆಗೆ ಟೋಪಿಯಿಲ್ಲದೆ, ಕಾಲಿಗೆ ಹವಾಯಿ ಚಪ್ಪಲಿ ಹಾಕಿಕೊಂಡು ಜನ ಖಣಿಗೆ ಇಳಿಯುತ್ತಾರೆ. ಕಡಿದ ಕಲ್ಲನ್ನು ಆಳೆತ್ತರ ಜೋಡಿಸಿಟ್ಟರೂ ಅದಕ್ಕೊಂದು ಆಸರೆ ಕೊಡುವವರಿಲ್ಲ. ಇದನ್ನೆಲ್ಲ ಅವಳು ಶ್ರದ್ಧೆಯಿಂದ ಬರೆದಿಟ್ಟಿದ್ದಳು, ಖಣಿಯ ದಂಡೆಯಲ್ಲಿ ನಿಂತು ಓದಿ ಚಿತ್ರೀಕರಣವನ್ನೂ ಮಾಡಿಸಿದ್ದಳು. ಅಳು ಒಂದು ಬಾಕಿ ಇತ್ತು.

ಆ ವಾರವೇ ಓಣಿಯ ದೇವಿಂದ್ರಪ್ಪ ಸತ್ತ. ಖಣಿಯಲ್ಲಿ ಗೋಡೆಯ ಹಾಗೆ ಜೋಡಿಸಿಟ್ಟಿದ್ದ ಫರ್ಸಿಗಳು ಜಾರಿ ಅವನ ಮೇಲೆ ಬಿದ್ದಿದ್ದವು. ಮೈತ್ರಿಯ ಮನೆ ಮುಂದಿನ ಕಟ್ಟೆಗೆ ಫರ್ಸಿ ಹಾಸಿಕೊಟ್ಟವನು ಅವನೇ. ಅದರ ಮೇಲೆ ಕೂತೇ ಆಕೆ ಬಿ.ಎ. ಓದಿ ಮುಗಿಸಿದ್ದು. ಹೆಣ ಮನೆಗೆ ಬಂದ ಮುಂಜಾನೆ ಅವ್ವನ ಹಿಂದೆ ಓಡಿ ಹೋದಳು. ದೇವಿಂದ್ರಪ್ಪನ ಹೆಂಡತಿ ಭೀಮಬಾಯಿ ಮೈತ್ರಿಯ ಕೊರಳಿಗೆ ಬಿದ್ದು ಅತ್ತಳು. ಮೈತ್ರಿಯೂ ಬಿಕ್ಕಿ ಬಿಕ್ಕಿ ಅತ್ತಳು. ಆಗ ಅವಳ ತಲೆಯಲ್ಲಿ ವರದಿಯೂ ಇರಲಿಲ್ಲ, ವಿಶ್ವವಿದ್ಯಾಲಯವೂ ಇರಲಿಲ್ಲ. ಇದನ್ನು ಅವಳ ಪರವಾಗಿ ಹೇಳಲೇಬೇಕು, ಯಾಕೆಂದರೆ ಮುಂದೆ ಹೇಳಲು ಅಂಥದ್ದು ಏನೂ ಉಳಿಯುವುದಿಲ್ಲ.

ಬಿಸಿಲೇರುವ ಹೊತ್ತಿಗೆ ದತ್ತು ಬಂದ. ಯಾರು ಸುದ್ದಿ ಕೊಟ್ಟರು ಎಂದು ಕೇಳಬೇಡಿ, ಇಂಥವರಿಗೆ ಯಾರೂ ಹೇಳಬೇಕಾಗಿಲ್ಲ. ಹೆಣದ ತಲೆದೆಸೆಯಲ್ಲಿ ಕ್ಯಾಮೆರಾ ನಿಲ್ಲಿಸಿ, ಹೆಂಗಸರ ಬಾಯಿಗೆ ಮೈಕ್ ಹಿಡಿದು, ಅತ್ತದ್ದನ್ನೆಲ್ಲ ತುಂಬಿಕೊಂಡು ಹೊರಗೆ ಬಂದು ಹೆಡ್‌ಫೋನ್ ಕಿವಿಗೆ ಹಚ್ಚಿ ಕೇಳಿ ನೋಡಿದ. ಮುಖ ಸಣ್ಣದಾಯಿತು. ಮಗ್ಗುಲಲ್ಲೇ ಫರ್ಸಿ ಪಾಲಿಶ್ ಮಾಡುವ ಮಷೀನು ಗುಂಯ್ ಎನ್ನುತ್ತಿತ್ತು. ಓಣಿಯಲ್ಲಿ ಸಾವಾಗಿದೆ ಎಂದು ಮಷೀನು ನಿಲ್ಲಿಸುವಷ್ಟು ದೊಡ್ಡ ಮನಸ್ಸು ಅದರ ಮಾಲೀಕನದಲ್ಲ.

"ಆವಾಜೇ ಬಂದಿಲ್ಲ," ಎಂದ ದತ್ತು, ಅಂಗಳದ ಆಚೆ ನಿಂತಿದ್ದ ಮೈತ್ರಿಗೆ. "ಬರೇ ಮಷೀನಿಂದೇ ತುಂಬ್ಯಾದ. ಈಗ ನೋಡಿದ್ರ ಅವ್ರು ಅತ್ತು ಅತ್ತು ಸುಮ್ಮಾಗ್ಯಾರ. ಮತ್ತ ಅಳ್ರಿ ಅಂತ ನಾ ಹೇಳಾಕ ಬರ್ತದೇನು?"

"ಬಿಡು ದತ್ತಣ್ಣ. ಮಣ್ಣಿಗಿ ಒಯ್ಯೂ ಹೊತ್ತಾಗ್ಯಾದ."

"ಬಿಟ್ರ ನಿನ್ನ ಸೀಟು ಹೋಗ್ತದ, ನಂದೇನು? ಹಿಂಗ ಮಾಡು. ಹೊಸಾದಾಗಿ ಬಂದವ್ರ ಕೊಳ್ಳಿಗಿ ಬಿದ್ದು ಅಳೂದು ರೀತಿ ಅದನೋ ಇಲ್ಲೋ? ನೀ ಆ ಮೂಲಿತನಕ ಹೋಗಿ ತಿರುಗಿ ಬಾ."

"ನಾ ಮುಂಜಾನೇ ಹೋಗಿ ಅತ್ತು ಬಂದೀನಿ."

"ಇಷ್ಟು ಮಂದ್ಯಾಗ ಆಕಿಗಿ ಏನ್ ನೆನಪಿರ್ತದ? ಕೊಳ್ಳಿಗಿ ಕೈ ಹಾಕು, ಸಾಕು. ಮುಂದಿಂದು ಆಕಿನೇ ನೋಡ್ಕೋತಾಳ."

ಥೂ! ಆ ಮಾತಿಗೇ ಅವನ ಮುಖಕ್ಕೆ ಉಗುಳಬೇಕಾಗಿತ್ತು. ಉಗುಳಲಿಲ್ಲ. ಕಾಲರಿಗೆ ಸಿಕ್ಕಿಸುವ ಸಣ್ಣ ಮೈಕನ್ನು ಅವನು ಅಂಗೈಯಲ್ಲಿಟ್ಟು ಚಾಚಿದಾಗ ಮೈತ್ರಿ ಒಂದು ಗಳಿಗೆ ಅದನ್ನು ನೋಡಿದಳು. ನಾಲ್ಕು ಜನ ನೋಡಿದರೆ ಖಣಿಯವರು ಬುದ್ಧಿ ಕಲಿತಾರು, ಇನ್ನೊಬ್ಬ ದೇವಿಂದ್ರಪ್ಪ ಸಾಯುವುದು ತಪ್ಪೀತು ಎಂದು ತನಗೆ ತಾನೇ ಹೇಳಿಕೊಂಡಳು. ಬೇಡದ ಕೆಲಸಕ್ಕೆ ಕೈ ಹಾಕುವಾಗ ಇಂಥ ಕಾರಣ ಎಲ್ಲಿಂದಲೋ ತಾನಾಗಿಯೇ ಬಂದು ನಿಲ್ಲುತ್ತದೆ. ದತ್ತು ಬಲವಂತವನ್ನೇನೂ ಮಾಡಲಿಲ್ಲ. ದುಪ್ಪಟ್ಟಾದ ಒಳಗೆ, ಎದೆಯ ಹತ್ತಿರ, ಮೈಕ್ ಸಿಕ್ಕಿಸಿಕೊಂಡವಳು ಆಕೆಯೇ.

ಮೂಲೆಯತನಕ ಹೋಗಿ ತಿರುಗಿ ಬಂದಳು. ಹೆಂಗಸರು ದಾರಿ ಬಿಟ್ಟರು. ಬಗ್ಗಿ ಕೊರಳಿಗೆ ಕೈ ಹಾಕಿದಳೋ ಇಲ್ಲವೋ, ಭೀಮಬಾಯಿಯ ಒಣಗಿದ ಗಂಟಲು ಮತ್ತೆ ಒಡೆಯಿತು. "ಬುತ್ತಿ ಗಂಟು ಬಿಚ್ಚದ ಹೋದ್ಯಲ್ಲೋ ನನ್ನಪ್ಪಾ... ರೊಟ್ಟಿ ಹಂಗೇ ತಿರುಗಿ ಬಂದಾವಲ್ಲೋ..." ಎಂದು ಹಾಡ್ಯಾಡಿ ಅಳತೊಡಗಿದಳು. ಅವಳ ಗಲ್ಲ ಮೈತ್ರಿಯ ಎದೆಗೆ ಒತ್ತಿಕೊಂಡಿತ್ತು. ಮೈತ್ರಿಗೆ ಈ ಸಲ ಅಳು ಬರಲಿಲ್ಲ. ಧ್ವನಿ ಸರಿಯಾಗಿ ಬರುತ್ತಿದೆಯೋ ಇಲ್ಲವೋ ಎಂದು ಯೋಚಿಸುತ್ತಿದ್ದಳು. ಬಾಗಿಲಲ್ಲಿ ದತ್ತು ಹೆಬ್ಬೆರಳು ಎತ್ತಿ ತೋರಿಸಿದ.

ಮರುದಿನ ದತ್ತು ತನ್ನ ಚಾನೆಲ್ಲಿನಲ್ಲಿ ಬರೀ ಅಳು ಹಾಕಿದ, ಹಿನ್ನೆಲೆಗೆ ಪಿಟೀಲು ಬೇರೆ. ಖಣಿಯ ಮಾತು ಒಂದೂ ಇರಲಿಲ್ಲ. ಖಣಿಯ ಮಾಲೀಕನ ಜಾಹೀರಾತು ಆ ಅಳುವಿಗಿಂತ ಮೊದಲೇ ಬರುತ್ತಿತ್ತು. ಮೈತ್ರಿ ಮಾತ್ರ ತಾನು ಬರೆದದ್ದನ್ನೆಲ್ಲ ಸೇರಿಸಿ, ನಡುವೆ ಆ ಅಳುವನ್ನಿಟ್ಟು ಅರ್ಜಿಯ ಜೊತೆ ಕಳಿಸಿದಳು. ತನ್ನದು ದತ್ತುವಿನದರ ಹಾಗಲ್ಲ ಎಂದು ಸಮಾಧಾನ ಮಾಡಿಕೊಂಡಳು. ಸಮಾಧಾನ ನಿಲ್ಲಲಿಲ್ಲ. ಊಟಕ್ಕೆ ಕೂತರೆ ಬುತ್ತಿಗಂಟು ಕಣ್ಣಮುಂದೆ ಬರುತ್ತಿತ್ತು, ಮುರಿದ ರೊಟ್ಟಿಯನ್ನು ತಾಟಿನಲ್ಲೇ ಬಿಟ್ಟು ಏಳುತ್ತಿದ್ದಳು.

ಸಂದರ್ಶನಕ್ಕೆ ಕರೆ ಬಂತು. ವಾಡಿಯಲ್ಲಿ ರೈಲು ಬದಲಿಸಿ ದೂರ ಹೋಗಬೇಕು. ದಾರಿಯುದ್ದಕ್ಕೂ ಮೈತ್ರಿ ಒಂದೇ ನಿರ್ಧಾರ ಗಟ್ಟಿ ಮಾಡಿಕೊಂಡಳು: ಈ ಅಳು ಹೇಗೆ ಬಂತೆಂದು ಕೇಳಿದರೆ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡುವುದು. ದೊಡ್ಡ ಓದು ಓದಿದವರು, ಬೈದು ಹೊರಗೆ ಹಾಕಿದರೆ ಹಾಕಲಿ. ಸೀಟು ಹೋದರೂ ಎದೆಯ ಮೇಲಿನ ಭಾರ ಇಳಿದೀತು.

ಕೋಣೆಯಲ್ಲಿ ಮೂವರು ಪ್ರಾಧ್ಯಾಪಕರಿದ್ದರು. ಗೋಡೆಯ ಮೇಲಿನ ಪರದೆಯಲ್ಲಿ ಮೈತ್ರಿಯ ವರದಿ ಶುರುವಾಯಿತು. ಖಣಿ, ಹವಾಯಿ ಚಪ್ಪಲಿ, ಆಸರೆಯಿಲ್ಲದ ಕಲ್ಲುಗಳು.

"ಇದು ಸ್ವಲ್ಪ ಎಳೆದ ಹಾಗಿದೆ. ಮುಂದಕ್ಕೆ ಓಡಿಸಿ," ಎಂದರು ನಡುವೆ ಕೂತಿದ್ದ ಹಿರಿಯರು.

ಓಡಿಸಿದರು. ಭೀಮಬಾಯಿಯ ಅಳು ಕೋಣೆ ತುಂಬಿತು. ಅದೇ ಹೊತ್ತಿಗೆ ಜವಾನ ಚಹಾ ತಂದ. ಒಬ್ಬರು ಬಿಸ್ಕತ್ತನ್ನು ಚಹಾದಲ್ಲಿ ಅದ್ದಿ, ಅದು ಮುರಿದು ಬೀಳದಂತೆ ಕತ್ತು ಚಾಚಿ ಬಾಯಿಗೆ ಹಾಕಿಕೊಂಡರು. "ಬುತ್ತಿ ಗಂಟು ಬಿಚ್ಚದ ಹೋದ್ಯಲ್ಲೋ..." ಎಂದು ಪರದೆಯಲ್ಲಿ ಭೀಮಬಾಯಿ ಬಾಯಿ ಬಡಿದುಕೊಳ್ಳುತ್ತಿದ್ದಳು.

"ವಾಹ್! ಇನ್ನೊಮ್ಮೆ ಹಾಕಿ," ಎಂದರು ಹಿರಿಯರು.

ಇನ್ನೊಮ್ಮೆ ಹಾಕಿದರು.

"ಉಸಿರು ಕೂಡ ಕೇಳಿಸುತ್ತಿದೆಯಲ್ಲಮ್ಮ. ಮೈಕ್ ಎಲ್ಲಿಟ್ಟಿದ್ದಿರಿ?"

ಇದೇ ಆ ಗಳಿಗೆ. "ನನ್ನ ಎದೆಯ ಮೇಲಿತ್ತು ಸರ್, ದುಪ್ಪಟ್ಟಾದ ಒಳಗೆ," ಎಂದಳು ಮೈತ್ರಿ. "ಅವರು ನಮ್ಮ ಓಣಿಯವರು. ಅವರಿಗೆ ಗೊತ್ತಿರಲಿಲ್ಲ. ಅಳಿಸುವುದಕ್ಕೆ ಅಂತಲೇ ನಾನು ಎರಡನೇ ಸಲ ಹೋಗಿ ತಬ್ಬಿಕೊಂಡೆ."

ಹಿರಿಯರು ಕನ್ನಡಕ ತೆಗೆದು ಒರೆಸಿಕೊಂಡರು. ಈಗ ಬೈಯುತ್ತಾರೆ ಎಂದು ಮೈತ್ರಿ ಕಾದಳು. ದೇವರಾಣೆ, ಆಸೆಯಿಂದ ಕಾದಳು.

"ಅದಕ್ಕೇ ಬಟ್ಟೆ ಉಜ್ಜಿದ ಸದ್ದು ಬಂದಿದೆ," ಎಂದರು ಅವರು. "ಮುಂದಿನ ಸಲ ಮೈಕಿಗೆ ಟೇಪ್ ಸುತ್ತಿ ಅಂಟಿಸಿಕೊಳ್ಳಿ. ಗುಡ್. ಹೋಗಿ ಬನ್ನಿ."

ಇಷ್ಟೇ! ಕಳ್ಳತನ ಮಾಡಿದೆ ಎಂದು ಬಾಯಿಬಿಟ್ಟು ಹೇಳಿದರೆ ಕನ್ನ ಕೊರೆಯುವುದನ್ನು ಇನ್ನಷ್ಟು ನಾಜೂಕಾಗಿ ಹೇಳಿಕೊಟ್ಟು ಕಳಿಸಿದ ಹಾಗಾಯಿತು. ದತ್ತುವಿಗೂ ಇವರಿಗೂ ಇದ್ದ ವ್ಯತ್ಯಾಸ ಚಹಾದ ಕಪ್ಪುಬಸಿ ಮಾತ್ರ. ಮೈತ್ರಿ ಹೊರಗೆ ಬಂದು ನಳದ ಕೆಳಗೆ ಬಾಯಿ ಮುಕ್ಕಳಿಸಿದಳು. ಆದರೆ ಒಳಗಿದ್ದದ್ದು ಬಾಯಿ ಮುಕ್ಕಳಿಸಿದರೆ ಹೋಗುವಂಥದ್ದಾಗಿರಲಿಲ್ಲ.

ಆಯ್ಕೆಯಾದವರಲ್ಲಿ ಅವಳ ಹೆಸರು ಮೊದಲಿಗೇ ಇತ್ತು. ಓಣಿಯಲ್ಲಿ ಸುದ್ದಿ ಹಬ್ಬಿತು. ಸಂಜೆ ಮೈತ್ರಿ ಕಟ್ಟೆಯ ಮೇಲೆ ಕೂತಿದ್ದಾಗ ಭೀಮಬಾಯಿ ಬಂದಳು. ಬರಿಗೊರಳು, ಬಣ್ಣಗೆಟ್ಟ ಸೀರೆ, ಮುಷ್ಟಿಯಲ್ಲಿ ಸಕ್ಕರೆ.

"ಬಾಯಿ ತಗಿ ಯವ್ವಾ. ನಮ್ಮ ಓಣ್ಯಾಗ ಇಷ್ಟು ಓದಾಕಿ ನೀ ಒಬ್ಬಾಕಿನೇ. ಅಂವ ಇದ್ದಿದ್ರ ಊರಿಗೆಲ್ಲಾ ಹೇಳ್ಕೋತ ತಿರಗ್ತಿದ್ದ."

ಮೈತ್ರಿ ಬಾಯಿ ತೆರೆದಳು. ಸಕ್ಕರೆ ನಾಲಿಗೆಯ ಮೇಲೆ ಬಿತ್ತು, ನುಂಗಲಾಗಲಿಲ್ಲ. ಭೀಮಬಾಯಿ ಗಂಡ ಹಾಸಿದ ಫರ್ಸಿಯನ್ನು ಅಂಗೈಯಿಂದ ಒರೆಸಿ ಅವಳ ಮಗ್ಗುಲಿಗೆ ಕೂತಳು.

"ನಿನಗ ಒಂದು ಮಾತು ಹೇಳ್ಬೇಕು ಅಂತ ಭಾಳ ದಿನದಿಂದ ಇತ್ತು ಯವ್ವಾ. ಅವತ್ತು ಬಂಧು-ಬಳಗ, ಊರು ಮಂದಿ, ಎಲ್ಲಾರೂ ಒಮ್ಮಿ ಬಂದು ಅತ್ತು ಹೋದ್ರು. ನೀ ಒಬ್ಬಾಕಿನೇ ಎರಡು ಸಲ ಬಂದಿ. ಮುಂಜಾನಿ ಬಂದಿ, ಮತ್ತ ಮಣ್ಣಿಗಿ ಒಯ್ಯೂಮುಂದ ಬಂದಿ. ಆ ಎರಡನೇ ಸಲ ನೀ ಬರಲಿಲ್ಲಂದ್ರ ನನ್ನ ಎದಿ ಒಡೀತಿತ್ತು. ನಿನ್ನ ಎದಿ ಮ್ಯಾಲ ಏನೋ ಗಟ್ಟಿದು ನನ್ನ ಗಲ್ಲಕ್ಕ ಒತ್ತತಿತ್ತು. ದುಪ್ಪಟ್ಟಾಕ ಹಾಕೂ ಪಿನ್ನೇನೋ ಅನ್ಕೊಂಡೆ. ಚುಚ್ಚಿದ್ರ ಚುಚ್ಚಲಿ ಅಂತ ನಿನ್ನ ಬಿಡಲಿಲ್ಲ ನೋಡು."

ಹೇಳುತ್ತ ಹೇಳುತ್ತ ಅವಳು ಎರಡೂ ಕೈ ಚಾಚಿದಳು. ಮೈತ್ರಿ ಥಟ್ಟನೆ ಎದ್ದು ಅಂಗಳದ ಮೂಲೆಗೆ ಹೋಗಿ ಬಾಯಲ್ಲಿದ್ದ ಸಕ್ಕರೆಯನ್ನು ಉಗುಳಿದಳು. ತಿರುಗಿ ಬಂದಾಗ ಭೀಮಬಾಯಿಯ ಕೈಗಳು ಇನ್ನೂ ಚಾಚಿಯೇ ಇದ್ದವು, ಮುಖದಲ್ಲಿ ಗಾಬರಿಯಿತ್ತು. ಮೈತ್ರಿ ಆ ಕೈಗಳ ಒಳಗೆ ಹೋಗಲಿಲ್ಲ. ಎದುರಿಗೆ ನೆಲದ ಮೇಲೆ ಕೂತಳು.

"ಅದು ಪಿನ್ ಅಲ್ಲ, ದೊಡ್ಡವ್ವಾ," ಎಂದಳು.