ಇದ್ದಿಲು ಕಾಣದ ಸೀರಮ್

ಪ್ಲೊವ್ದಿವ್ ನಗರದ ಪ್ರಯೋಗಾಲಯದಲ್ಲಿ ರುಮ್ಯಾನಾ ಮೂರನೇ ಸಲವೂ ಅಳೆದು ನೋಡಿದಳು. ತಟ್ಟೆಯಲ್ಲಿದ್ದ ಪ್ರಾಸ್ಟೇಟ್ ಕ್ಯಾನ್ಸರ್ ಕೋಶಗಳು ಬೆಳಗುತ್ತಲೇ ಇದ್ದವು. ಕ್ಯಾನ್ಸರನ್ನು ಬೆಳೆಸುವ, ಕೋಶದೊಳಗಿನ ಹಾರ್ಮೋನ್ ಗ್ರಾಹಕ ಎಚ್ಚರವಾದರೆ ಬೆಳಕು, ಮಲಗಿದರೆ ಕತ್ತಲು. ಅದನ್ನು ಎಬ್ಬಿಸಿದ್ದು ಸೋದರಮಾವ ಸ್ಪಾಸ್ ಹಿಂದಿನ ವರ್ಷ ಹೊಳೆದಂಡೆಯಲ್ಲಿ ಕಿತ್ತು ಒಣಗಿಸಿದ ಗಿಡದ ಸಾರ. ಮಾವನಿಗಿದ್ದದ್ದೂ ಅದೇ ಕಾಯಿಲೆ.

ಜೂನ್ ಮೊದಲ ವಾರದಲ್ಲಿ ಇದೇ ಸಾರ ಬೆಳಕನ್ನು ಅರ್ಧಕ್ಕೆ ಇಳಿಸಿತ್ತು. ಕೋಶಗಳಿಗೆ ಆಹಾರವಾಗಿ ಹಾಕುವ ಸೀರಮ್ಮನ್ನು, ಅಂದರೆ ರಕ್ತದ ತಿಳಿಯನ್ನು, ಇದ್ದಿಲ ಪುಡಿಯೊಂದಿಗೆ ರಾತ್ರಿಯಿಡೀ ಕಲಕಿ, ಅದರಲ್ಲಿನ ಹಾರ್ಮೋನನ್ನು ಮೊದಲು ತೆಗೆಯಬೇಕಿತ್ತು. ಸಮ್ಮೇಳನ ಹತ್ತಿರ ಬಂತೆಂದು ಆಗ ಇವಳು ಹಾಗೆಯೇ ಸುರಿದಿದ್ದಳು. ಇದ್ದಿಲಲ್ಲಿ ಕಲಕಿದ ಸೀರಮ್ ಹಾಕಿದ್ದು ಈ ಸಲವೇ. ಹಾರ್ಮೋನ್ ತುಂಬಿರುವಲ್ಲಿ ಈ ಸಾರ ಅದಕ್ಕೆ ಅಡ್ಡ ಕೂರುತ್ತದೆ. ಹಾರ್ಮೋನ್ ಇಲ್ಲದಲ್ಲಿ ತಾನೇ ಅದರ ಕೆಲಸಕ್ಕೆ ನಿಲ್ಲುತ್ತದೆ. ಮಾವನಿಗೆ ಮೂರು ತಿಂಗಳಿಗೊಮ್ಮೆ ಕೊಡುವ ಚುಚ್ಚುಮದ್ದು ಇರುವುದೇ ಹಾರ್ಮೋನ್ ಇಲ್ಲದಂತೆ ಮಾಡಲು. ಕಲಿಯಲು ಬಂದವರಿಗೆ ಮೊದಲ ವಾರ ತಾನೇ ಹೇಳಿಕೊಡುವ ಪಾಠವನ್ನು ಈ ಮಹಾತಾಯಿ ಗಾಳಿಗೆ ತೂರಿದ್ದಳು.

ಅಷ್ಟೇ ಆಗಿದ್ದರೆ ಪ್ರಯೋಗ ಮತ್ತೆ ಮಾಡಿದರಾಯಿತು. ಆದರೆ ಅದೇ ಜೂನ್ ಕೊನೆಗೆ, ಮೂಲಿಕೆ ಕೀಳುವ ಎನ್ಯೊವ್‌ದೆನ್ ಹಬ್ಬದ ಮುಂಜಾನೆ, ಇಬ್ಬನಿ ಆರುವ ಮೊದಲೇ ಅದೇ ಗಿಡವನ್ನು ಹೊಸದಾಗಿ ಕಿತ್ತು ತಂದಿದ್ದ ಮಾವ, ಊಟಕ್ಕೆ ಕೂತಾಗ ಇದನ್ನು ಕುಡಿಯಬಹುದಾ ಎಂದು ಕೇಳಿದ್ದ. ಧಾರಾಳವಾಗಿ ಕುಡಿ ಎಂದು ಇವಳು ಬೀಗುತ್ತಾ ಹೇಳಿದ್ದಳು. ಅಂದಿನಿಂದ ದಿನಕ್ಕೆ ಮೂರು ಲೋಟ. ಈಗ ಅಕ್ಟೋಬರ್. ಚುಚ್ಚುಮದ್ದು ತಪ್ಪದಿದ್ದರೂ ಕ್ಯಾನ್ಸರಿನ ಏರಿಳಿತ ತೋರಿಸುವ ಮಾವನ ರಕ್ತಪರೀಕ್ಷೆಯ ಅಂಕಿ ಎರಡು ಸಲ ಏರಿತ್ತು.

ಶನಿವಾರ ಬಸ್ಸು ಹತ್ತಿ ಅವನ ಹಳ್ಳಿಗೆ ಹೋದಳು. ಒಲೆಯ ಮೇಲೆ ಕಷಾಯ ಕುದಿಯುತ್ತಿತ್ತು. ಸುತ್ತಿ ಬಳಸದೆ ಎಲ್ಲವನ್ನೂ ಹೇಳಿದಳು. ಮಾವ ಚೀಸ್ ತುಂಬಿದ ಬಾನಿತ್ಸಾ ತಿಂಡಿಯ ತಟ್ಟೆಯನ್ನು ಅವಳತ್ತ ಸರಿಸಿದ.

“ಡಾಕ್ಟ್ರು ಇದೆಲ್ಲ ಬೇಡ ಅಂದಿದ್ರು ಕಣೆ. ನಮ್ಮ ಹುಡುಗಿ ನಿಮಗಿಂತ ಹೆಚ್ಚು ಓದಿದಾಳೆ ಅಂತ ನಾನೇ ಅವರ ಬಾಯಿ ಮುಚ್ಚಿಸಿ ಬಂದೆ.”

ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅವನ ದನಿಯಲ್ಲಿ ಇನ್ನೂ ಅದೇ ಹೆಮ್ಮೆಯಿತ್ತು. ರುಮ್ಯಾನಾಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

“ತಪ್ಪು ನಂದು ಮಾವ. ಒಂದೇ ಒಂದು ರಾತ್ರಿ ಕಾಯ್ಬೇಕಿತ್ತು.”

ಎದ್ದು ಪಾತ್ರೆ ಇಳಿಸಿ ಕಷಾಯವನ್ನು ಸಿಂಕಿಗೆ ಸುರಿದಳು. ಮಾವ ಆವಿಯನ್ನೇ ನೋಡುತ್ತಿದ್ದ.

“ಇವತ್ತಿಂದು ಚೆಲ್ಲಿದೆ, ಸರಿ. ಇಷ್ಟು ದಿನ ಕುಡಿದಿದ್ದಕ್ಕೆ ಏನಾದ್ರೂ ದಾರಿ ಇದೆಯಾ, ಪುಟ್ಟಿ?”

ಜೂನ್‌ನಲ್ಲಿ ಕೇಳಿದ ಕೂಡಲೇ ಉತ್ತರ ಕೊಟ್ಟಿದ್ದವಳು, ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಾ ನಿಂತಳು.