ಪದವಿಗೆ ಒಂದು ವಿಷಯ ಬಾಕಿ

"ಮೊದಲ ವರ್ಷದ ಸಂಖ್ಯಾಶಾಸ್ತ್ರ ಕಡ್ಡಾಯ. ಅದಿಲ್ಲದೆ ಪದವಿ ಇಲ್ಲಮ್ಮ," ಅಂದ ಕಾಲೇಜಿನ ಗುಮಾಸ್ತ.

"ನೀನು ಜಾಣೆ, ಅದನ್ನ ಬಿಟ್ಟು ನೇರ ಮುಂದಿನ ಹಂತದ ಪಾಠಕ್ಕೇ ಕೂತ್ಕೋ ಅಂತ ಮೇಷ್ಟ್ರೇ ಹೇಳಿದ್ರು ಸಾರ್. ಅದರಲ್ಲಿ ನಾನೇ ಮೊದಲು ಬಂದೆ." ತಂಗಿ ಅಂಕಪಟ್ಟಿ ಮುಂದಿಟ್ಟಳು.

ಏಳನೇ ಕ್ಲಾಸಿಗೇ ಓದಿಗೆ ಶರಣು ಹೊಡೆದು ಗ್ಯಾರೇಜು ಸೇರಿದ್ದ ಅಣ್ಣನಿಗೆ ಮೈಯೆಲ್ಲ ಉರಿಯಿತು. "ನಾನು ಶಾಲೆ ಬಿಟ್ಟು ಓಡುವಾಗ ಒಬ್ಬರೂ ಹಿಡಿದು ನಿಲ್ಲಿಸಲಿಲ್ಲ. ಓದಿ ಮುಗಿಸಿದೋಳನ್ನ ಮಾತ್ರ ಬಿಡಲ್ವೇನ್ರೀ?"

ಗುಮಾಸ್ತ ಪಕ್ಕದ ಮೇಜಿನ ಬಳಿ ಚಹಾ ಕುಡಿಯುತ್ತಿದ್ದ ಅದೇ ಮೇಷ್ಟ್ರ ಕಡೆ ನೋಡಿದ. "ನಾನು ಹಾಗೆ ಹೇಳಿದ ನೆನಪಿಲ್ಲಪ್ಪ," ಅಂದರು ಅವರು.

ಅಣ್ಣ ಮುಷ್ಟಿ ಬಿಗಿದು ಮುನ್ನುಗ್ಗಿದ. ತಂಗಿ ಅವನ ಅಂಗಿ ಹಿಡಿದೆಳೆದಳು.

"ಬೇಡ ಕಣೋ ಅಣ್ಣ. ಆ ಮೊದಲ ವರ್ಷದ ಪಾಠ ಮಾಡೋರೂ ಇವರೇ. ಇನ್ನೊಂದು ವರ್ಷ ಇವರ ಮುಂದೆಯೇ ಕೂರಬೇಕು ನಾನು."